ಉಸಿರಾಡೋಕೂ ಡಾಕ್ಟರ್ ಚೀಟಿ ಬೇಕೇನ್ರೀ?

ಬಹಳ ದಿನ ಆಯ್ತು ಇಲ್ಲಿ ಏನೂ ಬರೆದು. ಆಫೀಸಿನ ರಿಲೀಸು, ಊರಲ್ಲಿ ಸಾಲು ಸಾಲು ಮದುವೆ, ಜೊತೆಗೆ ನನ್ನ ಹುಟ್ಟು ಸೋಮಾರಿತನ.. ಎಲ್ಲಾ ಸೇರಿ ತಿಂಗಳುಗಳೇ ಕಳೆದುಹೋದವು. ಇವತ್ತು ಬರೀತಾ ಇರೋದು ಸಿಟ್ಟಿಗೆ. ಹಾಗಾಗಿ ಎಂದಿನ ತಮಾಷೆ ಸ್ವಲ್ಪ ಕಮ್ಮಿ, ಉದ್ದ ಸ್ವಲ್ಪ ಜಾಸ್ತಿ. ಸಹಿಸಿಕೊಳ್ಳಿ :-)

ವಿಷಯ ಇಷ್ಟೇ. ಅಫೀಮು, ಹೆರಾಯಿನ್, ಮಾರ್ಫಿನ್, ಟ್ರಮಡಾಲ್, ಟಪೆಂಟಡಾಲ್.. ಈ ಜಾತಿಯ ವಸ್ತುಗಳಿಗೆಲ್ಲ ಸೇರಿ ಓಪಿಯಾಯ್ಡ್ ಅಂತಾರೆ. ಇವು ಮೈಯಲ್ಲಿ ಅತಿಯಾದರೆ ಮನುಷ್ಯ ಸಾಯೋದು ಉಸಿರು ನಿಂತು. ಹಾಗೆ ಉಸಿರು ನಿಲ್ಲುತ್ತಿರುವವನನ್ನು ಎರಡು ಮೂರು ನಿಮಿಷದಲ್ಲಿ ವಾಪಸ್ ಉಸಿರಾಡಿಸುವ ಒಂದು ಔಷಧಿ ಇದೆ. ಹೆಸರು ನಲಾಕ್ಸೋನ್. ಇದರಿಂದ ಅಮಲು ಏರಲ್ಲ, ಚಟ ಹತ್ತಲ್ಲ. ಓಪಿಯಾಯ್ಡ್ ತಗೊಂಡಿರದವನಿಗೆ ತಪ್ಪಿ ಕೊಟ್ಟರೂ ಹೆಚ್ಚುಕಮ್ಮಿ ಏನೂ ಆಗಲ್ಲ. ಪೇಟೆಂಟ್ ಮುಗಿದು ದಶಕಗಳಾಗಿವೆ, ಭಾರತದಲ್ಲೇ ತಯಾರಾಗುತ್ತೆ, ನಮ್ಮ ಸರ್ಕಾರದ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಆದರೆ ಇರೋದು ಆಸ್ಪತ್ರೆಯ ಬೀರುವಿನೊಳಗೆ. ಸಾಯೋ ಮನುಷ್ಯ ಇರೋದು ಮನೆಯ ಮಹಡಿ ಮೇಲಿನ ರೂಮಿನಲ್ಲಿ, ಹಾಸ್ಟೆಲ್ಲಿನಲ್ಲಿ, ಲಾರಿ ಕ್ಯಾಬಿನ್ನಿನಲ್ಲಿ. ಇವೆರಡರ ನಡುವಿನ ದೂರವೇ ನನ್ನ ಸಿಟ್ಟಿಗೆ ಕಾರಣ.

ಹಬ್ಬಕ್ಕೆ ಊರಿಗೆ ಹೋದಾಗ ಒಂದು ಸಣ್ಣ ಪ್ರಯೋಗ ಮಾಡಿದೆ. ಬಳ್ಳಾರಿಯ ನಮ್ಮ ಗಾಂಧಿನಗರದ ಮನೆಯಿಂದ ಮೋಕಾ ರಸ್ತೆ ಕಡೆ ನಡ್ಕೊಂಡು ಹೋಗ್ತಾ ದಾರಿಯಲ್ಲಿ ಸಿಕ್ಕ ಮೆಡಿಕಲ್ ಶಾಪುಗಳಲ್ಲೆಲ್ಲ ನಲಾಕ್ಸೋನ್ ಇದೆಯಾ ಅಂತ ಕೇಳಿದೆ. ಮೊದಲನೇ ಹುಡುಗ 'ಸ್ಪೆಲ್ಲಿಂಗ್ ಹೇಳ್ರಿ ಸಾರ್' ಅಂದ. ಎರಡನೆಯವನು ಕಂಪ್ಯೂಟರಿನಲ್ಲಿ ಹುಡುಕಿ, ಅದೇ ತರಹದ ಹೆಸರಿನ ಒಂದು ಆಂಟಿಬಯೋಟಿಕ್ ತೋರಿಸಿದ. ಮೂರನೇ ಅಂಗಡಿಯವರು ವಯಸ್ಸಾದವರು, ಅಪ್ಪನಿಗೆ ಪರಿಚಯ. ಅವರಿಗೆ ಗೊತ್ತಿತ್ತು. ಗೊತ್ತಿದ್ದಿದ್ದಕ್ಕೇ ದನಿ ಇಳಿಸಿದರು.

'ಯಾರಿಗಪ್ಪಾ? ಮನಿಯಾಗ ಎಲ್ಲಾರೂ ಆರಾಮ ಅದಾರಲ್ಲ?'

ಯಾರಿಗೂ ಅಲ್ಲ ಅಂಕಲ್, ಸುಮ್ಮನೆ ಇಟ್ಕೊಳ್ಳೋಕೆ ಅಂದೆ.

'ಸುಮ್ನೆ ಇಟ್ಕೊಳ್ಳಾಕ ಅದೇನು ಅಮೃತಾಂಜನ ಏನು? ಡಾಕ್ಟರ್ ಚೀಟಿ ಬೇಕು. ಚೀಟಿ ತಂದ್ರೂ ನನ್ನ ಹತ್ರ ಸ್ಟಾಕ್ ಇಲ್ಲ. ಯಾರು ಕೇಳ್ತಾರ ಅದನ್ನ?' ಅಂತ ಹೇಳಿ, ಒಂದು ಕ್ಷಣ ಬಿಟ್ಟು, 'ಅಂಥವರನ್ನ ಉಳಿಸಿ ಏನ್ ಮಾಡೋದೈತಿ ಹೇಳು' ಅಂದ್ರು.

ಒಳ್ಳೆಯ ಮನುಷ್ಯ ಅವರು. ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದರೂ ಎದ್ದು ಬಂದು ಔಷಧಿ ಕೊಡುವವರು. ಅಂಥವರ ಬಾಯಲ್ಲೇ ಈ ಮಾತು ಬಂತಲ್ಲ, ಅದಕ್ಕೇ ಇದನ್ನ ಬರೆಯಬೇಕು ಅನಿಸಿದ್ದು. ಏಕೆಂದರೆ ಇದು ಅವರೊಬ್ಬರ ಮಾತಲ್ಲ. ನಮ್ಮ ಮನೆಯ ಊಟದ ಮನೆಯಲ್ಲೂ ಇದೇ ಮಾತು, ಆಫೀಸಿನ ಕ್ಯಾಂಟೀನಿನಲ್ಲೂ ಇದೇ.

ಸರಿ, 'ಅಂಥವರು' ಅಂದ್ರೆ ಯಾರು? ಸೂಜಿ ಚುಚ್ಚಿಕೊಳ್ಳುವ ಹುಡುಗ ಅಂತ ತಾನೇ ನಿಮ್ಮ ಕಣ್ಣ ಮುಂದೆ ಬರೋದು? ಕ್ಯಾನ್ಸರ್ ಆಗಿರೋ ಅಜ್ಜಿಗೆ ನೋವಿಗೆ ಅಂತ ಮಾರ್ಫಿನ್ ಗುಳಿಗೆ ಕೊಟ್ಟಿರ್ತಾರೆ. ಅದು ಟೇಬಲ್ ಮೇಲಿರುತ್ತೆ, ಎರಡು ವರ್ಷದ ಮೊಮ್ಮಗು ಅದನ್ನ ಪೆಪ್ಪರಮೆಂಟು ಅಂತ ಬಾಯಿಗೆ ಹಾಕ್ಕೊಳ್ಳುತ್ತೆ. ಆ ಕೂಸೂ 'ಅಂಥವರೇ'. ಭೇದಿಗೆ ಕೊಡುವ ಡೈಫೆನಾಕ್ಸಿಲೇಟ್ ಅನ್ನೋ ಗುಳಿಗೆ ಕೂಡ ಇದೇ ಜಾತಿಯದು. ಚಿಕ್ಕ ಮಕ್ಕಳು ಅದನ್ನ ನುಂಗಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದ ವರದಿಗಳು ವೈದ್ಯರ ಪುಸ್ತಕಗಳಲ್ಲಿ ಹಳೇ ಕಥೆ. ಇನ್ನೂ ಹಿಂದಕ್ಕೆ ಹೋದರೆ, 1920ರ ದಶಕದಲ್ಲಿ ಮುಂಬೈಯ ಬಟ್ಟೆ ಗಿರಣಿಗಳಿಗೆ ದುಡಿಯೋಕೆ ಹೋಗುವ ತಾಯಂದಿರು ಕೂಸು ಅಳದೆ ಮಲಗಿರಲಿ ಅಂತ ಅಫೀಮು ಬೆರೆಸಿದ 'ಬಾಲಗೋಲಿ' ಕೊಡ್ತಿದ್ರು. ಆ ತಾಯಂದಿರನ್ನೂ 'ಅಂಥವರು' ಅನ್ನೋಣವೇ? ಬೆನ್ನು ನೋವಿಗೆ ಶುರುವಾದ ಗುಳಿಗೆಯನ್ನ ಬಿಡಲಾಗದೆ ದಿನಕ್ಕೆ ಎಂಟು ಹತ್ತು ನುಂಗುವ ಮಧ್ಯವಯಸ್ಕರು ಬೇರೆ.

ಮತ್ತೆ ಸೂಜಿಯ ಹುಡುಗನೂ ಯಾರದೋ ಮಗನೇ ಬಿಡಿ.

ಇನ್ನು ಇದು ಕೆಲಸ ಮಾಡೋದು ಹೇಗೆ ಅಂತ. ನಾನು ಡಾಕ್ಟರಲ್ಲ, ಇಂಜಿನಿಯರಿಂಗ್ ಓದಿದವನು. ನನಗೆ ಅರ್ಥವಾಗಿದ್ದು ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನ ಭಾಷೆಯಲ್ಲಿ. ಮೆದುಳಿನ ಬುಡದಲ್ಲಿ 'ಉಸಿರಾಡು, ಉಸಿರಾಡು' ಅಂತ ನಿಮಗೆ ಗೊತ್ತಿಲ್ಲದಂತೆಯೇ ಆಜ್ಞೆ ಕೊಡ್ತಾ ಇರೋ ಜಾಗ ಒಂದಿದೆ. ಅಲ್ಲಿನ ಜೀವಕೋಶಗಳ ಮೇಲೆ ಕೆಲವು ಸೀಟುಗಳಿವೆ, ರಿಸೆಪ್ಟರ್ ಅಂತಾರೆ. ಓಪಿಯಾಯ್ಡ್ ಬಂದು ಆ ಸೀಟಿನಲ್ಲಿ ಕೂತರೆ ನೋವು ಮರೆಯಾಗುತ್ತೆ, ಹಾಯ್ ಅನಿಸುತ್ತೆ, ಜೊತೆಗೆ ಆ ಆಜ್ಞೆಯ ದನಿ ಸಣ್ಣದಾಗುತ್ತೆ. ತುಂಬಾ ಸೀಟು ತುಂಬಿದರೆ ದನಿ ನಿಂತೇ ಹೋಗುತ್ತೆ. ನಲಾಕ್ಸೋನ್ ಅಂದ್ರೆ ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯೋ ಗಟ್ಟಿ ಆಸಾಮಿ ಇದ್ದ ಹಾಗೆ. ಕೂತವನನ್ನ ಎಬ್ಬಿಸಿ ತಾನು ಕೂರುತ್ತೆ. ಆದರೆ ಕೂತು ಏನೂ ಮಾಡಲ್ಲ! ಹಾಯ್ ಇಲ್ಲ, ನಿದ್ದೆ ಇಲ್ಲ, ಏನೂ ಇಲ್ಲ. ಸೀಟು ಬ್ಲಾಕ್ ಅಷ್ಟೇ. ಮೇಲಿನ ಆಜ್ಞೆ ಮತ್ತೆ ಶುರುವಾಗುತ್ತೆ, ನೀಲಿಗಟ್ಟಿದ ತುಟಿ ಕೆಂಪಾಗುತ್ತೆ.

ತೊಂದರೆ ಒಂದೇ. ಈ ಆಸಾಮಿ ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗ್ತಾನೆ. ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ನಲಾಕ್ಸೋನ್ ಶಕ್ತಿ ಇಳಿಯುತ್ತೆ. ಮೆಥಡೋನ್ ತರಹದ ಓಪಿಯಾಯ್ಡ್ ಅದಕ್ಕಿಂತ ಎಷ್ಟೋ ಹೊತ್ತು ಮೈಯಲ್ಲಿರುತ್ತೆ. ಹಾಗಾಗಿ ಎದ್ದು ಕೂತವನು ಮತ್ತೆ ಮುಳುಗಬಹುದು. ಟ್ರಮಡಾಲ್ ವಿಷಯದಲ್ಲಿ ಪೂರ್ತಿ ಪರಿಹಾರವೂ ಅಲ್ಲ, ಅದು ಫಿಟ್ಸ್ ಕೂಡ ತರಿಸುತ್ತೆ, ಅದನ್ನ ನಲಾಕ್ಸೋನ್ ನಿಲ್ಲಿಸಲ್ಲ. ಆದ್ದರಿಂದ ಇದು ಆಸ್ಪತ್ರೆಯ ಬದಲಿಗೆ ಅಲ್ಲ, ಆಸ್ಪತ್ರೆ ತಲುಪೋವರೆಗೆ. ಇನ್ನೊಂದು ಮಾತು, ಬಾಯಿಗೆ ಹಾಕಿದರೆ ಪ್ರಯೋಜನವಿಲ್ಲ. ಸ್ನಾಯುವಿಗೋ ರಕ್ತನಾಳಕ್ಕೋ ಇಂಜೆಕ್ಷನ್ ಕೊಡಬೇಕು, ಇಲ್ಲ ಮೂಗಿಗೆ ಸ್ಪ್ರೇ ಮಾಡಬೇಕು.

ಇದರ ಪೇಟೆಂಟಿಗೆ ಅಮೆರಿಕದಲ್ಲಿ ಅರ್ಜಿ ಬಿದ್ದಿದ್ದು 1961ರಲ್ಲಿ. ಜ್ಯಾಕ್ ಫಿಶ್ಮನ್ ಮತ್ತು ಮೋಸೆಸ್ ಲೆವೆನ್ಸ್ಟೈನ್ ಅನ್ನೋ ಇಬ್ಬರು ವಿಜ್ಞಾನಿಗಳ ಹೆಸರಿನಲ್ಲಿ. (ನಮ್ಮ ಬಳ್ಳಾರಿಯ ಮೆಡಿಕಲ್ ಕಾಲೇಜು ಶುರುವಾದದ್ದೂ 1961ರಲ್ಲೇ. ಅಂದ್ರೆ ಇಬ್ಬರಿಗೂ ಒಂದೇ ವಯಸ್ಸು!) ಅಮೆರಿಕದ ಎಫ್ ಡಿ ಎ 1971ರಲ್ಲಿ ಒಪ್ಪಿಗೆ ಕೊಡ್ತು. ಆಮೇಲೆ ಎಷ್ಟೋ ವರ್ಷ ಅಲ್ಲೂ ಇದು ಆಸ್ಪತ್ರೆ, ಆಂಬ್ಯುಲೆನ್ಸ್ ದಾಟಿ ಹೊರಗೆ ಬರಲಿಲ್ಲ. 1996ರ ಸುಮಾರಿಗೆ ಶಿಕಾಗೋದಲ್ಲಿ ಡ್ಯಾನ್ ಬಿಗ್ ಅನ್ನೋ ಮನುಷ್ಯ ಮತ್ತು ಅವನ ಸಂಗಡಿಗರು, ಕಾನೂನು ಏನಾದರೂ ಹೇಳಲಿ ಅಂತ, ಡ್ರಗ್ಸ್ ಬಳಸುವವರ ಕೈಗೇ ಇದನ್ನ ಹಂಚೋಕೆ ಶುರು ಮಾಡಿದರು. ಆ ಯೋಚನೆಯ ಹಿಂದಿನ ತರ್ಕ ನೋಡಿ, ಎಷ್ಟು ಸರಳ: ಪ್ರಜ್ಞೆ ತಪ್ಪಿದವನು ತಾನೇ ಔಷಧಿ ತಗೊಳ್ಳಲಾರ. ಅವನ ಪಕ್ಕದಲ್ಲಿ ಇರೋನು ಕೊಡಬೇಕು. ಪಕ್ಕದಲ್ಲಿ ಇರೋನು ಡಾಕ್ಟರ್ ಆಗಿರಲ್ಲ.

ಫಿಶ್ಮನ್ ಮನೆಯ ಕಥೆ ಓದಿದಾಗ ಮಾತ್ರ ಸುಮ್ಮನೆ ಕೂತುಬಿಟ್ಟೆ. ಔಷಧಿ ಕಂಡುಹಿಡಿದವರಲ್ಲಿ ಒಬ್ಬರಾದ ಅವರ ಹೆಂಡತಿಯ ಮಗನೇ 2003ರಲ್ಲಿ ಹೆರಾಯಿನ್ ಓವರ್ ಡೋಸ್ ನಿಂದ ತೀರಿಕೊಂಡ. ಸೂತ್ರ ಬರೆದವರ ಮನೆಯವನಿಗೂ ಹೊತ್ತಿಗೆ ಸರಿಯಾಗಿ ಅದು ದಕ್ಕಲಿಲ್ಲ. ಅಮೆರಿಕದಲ್ಲಿ ಮೂಗಿನ ಸ್ಪ್ರೇ ಬಂದಿದ್ದು 2015ರಲ್ಲಿ, ಚೀಟಿ ಇಲ್ಲದೆ ಅಂಗಡಿಯಲ್ಲಿ ಮಾರೋಕೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಪೇಟೆಂಟ್ ಅರ್ಜಿಯಿಂದ ಲೆಕ್ಕ ಹಾಕಿದರೆ 62 ವರ್ಷ. ಒಂದು ಔಷಧಿ ಬೀರುವಿನಿಂದ ಕೌಂಟರಿಗೆ ನಡೆದು ಬರೋಕೆ 62 ವರ್ಷ!

ನಾವು ಆ 62 ವರ್ಷವನ್ನ ಮತ್ತೆ ಮೊದಲಿಂದ ಎಣಿಸಬೇಕಾ ಅನ್ನೋದೇ ನನ್ನ ಪ್ರಶ್ನೆ.

ಈಗ ನನ್ನ ಜೊತೆ ಪಿಯುಸಿ ಓದಿದ ಒಬ್ಬನ ಮಾತು. ಹೆಸರು ಬೇಡ, ಮನೆಯವರು ಊರಲ್ಲೇ ಇದಾರೆ. ಹೊರಗಡೆ ಕೆಲಸದಲ್ಲಿದ್ದ. ಒಂದು ಶನಿವಾರ ರಾತ್ರಿ ರೂಮಿನಲ್ಲಿ ನಾಲ್ವರು ಸೇರಿ ಎಣ್ಣೆ ಹಾಕಿದಾರೆ, ಜೊತೆಗೆ ಇವನು ಯಾವುದೋ ನೋವಿನ ಗುಳಿಗೆಗಳನ್ನ ತಗೊಂಡಿದಾನೆ. ಹನ್ನೆರಡರ ಹೊತ್ತಿಗೆ ಮಲಗಿದ. ಜೊತೆಗಿದ್ದವನು ಒಬ್ಬ ಆಮೇಲೆ ನನಗೆ ಹೇಳಿದ್ದು: 'ಗೊರಕೆ ಹೊಡೀತಿದ್ದ ಮಗಾ, ಭಾರೀ ಗೊರಕೆ. ಒಳ್ಳೇ ನಿದ್ದೆ ಬಂದಿದೆ, ಎಬ್ಬಿಸೋದು ಬೇಡ ಅಂತ ನಾವೇ ಲೈಟ್ ಆಫ್ ಮಾಡಿದ್ವಿ.' ಬೆಳಿಗ್ಗೆ ಏಳಲಿಲ್ಲ. ಊರಿಗೆ ಬಂದ ಸುದ್ದಿ 'ಹಾರ್ಟ್ ಅಟ್ಯಾಕ್'. ಇಪ್ಪತ್ತಾರು ವರ್ಷದವನಿಗೆ ಹಾರ್ಟ್ ಅಟ್ಯಾಕ್ ಅಂತ ಎಲ್ಲರೂ ನಂಬಿದ ಹಾಗೆ ಮಾಡಿದರು. ನಾನೂ ಅವನ ಅಮ್ಮನ ಎದುರು ತಲೆ ಆಡಿಸಿದೆ.

ಆ ಗೊರಕೆ ಗೊರಕೆಯಲ್ಲ. ನಾಲಿಗೆ ಹಿಂದಕ್ಕೆ ಬಿದ್ದು, ಗಂಟಲು ಸಡಿಲವಾಗಿ, ಗಾಳಿ ದಾರಿ ಹುಡುಕೋ ಸದ್ದು. ಓವರ್ ಡೋಸ್ ಬಗ್ಗೆ ಬರೆದ ಯಾವ ಕೈಪಿಡಿ ನೋಡಿದರೂ ಅದು ಅಪಾಯದ ಲಕ್ಷಣಗಳ ಸಾಲಿನಲ್ಲಿ ಇದೆ. ಮತ್ತೆ ಅದೇ ಸಾಲಿನಲ್ಲಿ ಇನ್ನೊಂದು ಸಂಗತಿಯೂ ಇದೆ. ಹೆಚ್ಚಿನ ಸಲ ಓವರ್ ಡೋಸ್ ಸಾವು ಸಿನಿಮಾದಲ್ಲಿ ತೋರಿಸುವ ಹಾಗೆ ತಟ್ಟನೆ ಆಗಲ್ಲ. ಉಸಿರು ನಿಧಾನವಾಗುತ್ತಾ, ನಿಧಾನವಾಗುತ್ತಾ, ಗಂಟೆ ಎರಡು ಗಂಟೆ ಹಿಡಿಯಬಹುದು. ಅಂದರೆ ಹೊತ್ತು ಇರುತ್ತೆ, ಪಕ್ಕದಲ್ಲಿ ಜನ ಇರ್ತಾರೆ. ಇರದೇ ಇರೋದು ತಿಳಿವಳಿಕೆ ಮತ್ತು ಒಂದು ಆಂಪ್ಯೂಲ್. ಉಸಿರು ಪೂರ್ತಿ ನಿಂತ ಮೇಲೆ ಮಾತ್ರ ನಾಲ್ಕೈದು ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಬೀಳೋಕೆ ಶುರು. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗಿಂತ ಹೆಚ್ಚು. ಕುರುಗೋಡಿನಿಂದ ಅದರ ಅರ್ಧದಷ್ಟು. ನಾಲ್ಕೈದು ನಿಮಿಷದಲ್ಲಿ ಯಾವ ಡ್ರೈವರ್ ಬರ್ತಾನೆ ಹೇಳಿ? 2008ರಿಂದ ನಮ್ಮಲ್ಲಿ 108 ಇದೆ, ಎಷ್ಟೋ ಜೀವ ಉಳಿಸಿದೆ, ನಾನು ಅದನ್ನ ಬಯ್ಯೋಕೆ ಬಂದಿಲ್ಲ. ಆದರೆ ಭೂಗೋಳವನ್ನ ಬಯ್ಯೋಕೂ ಬರಲ್ಲ.

ನಮ್ಮ ಕೆಲಸದಲ್ಲಿ ಆನ್ ಕಾಲ್ ಅಂತ ಇರುತ್ತೆ. ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಎದ್ದು ಕೂರಬೇಕಾದವನು ಒಬ್ಬ ಇರ್ತಾನೆ. ಅವನ ಕೈಯಲ್ಲಿ ರೀಸ್ಟಾರ್ಟ್ ಮಾಡೋ ಪರ್ಮಿಷನ್ ಕೊಟ್ಟೇ ಮಲಗಿಸ್ತಾರೆ. ಪರ್ಮಿಷನ್ ಇನ್ನೊಂದು ಊರಿನ ಮ್ಯಾನೇಜರ್ ಹತ್ರ ಇರಲಿ, ಬೆಳಿಗ್ಗೆ ಚೀಟಿ ಬರೆಸ್ಕೊಂಡು ಬಾ ಅಂತ ಯಾವ ಕಂಪನಿಯೂ ಹೇಳಲ್ಲ. ಒಂದು ಶಾಪಿಂಗ್ ವೆಬ್ ಸೈಟಿಗೆ ನಾವು ಕೊಡೋ ಮರ್ಯಾದೆ ಅದು.

ಈಗ 'ಕೊಟ್ಟರೆ ಇನ್ನೂ ಹೆಚ್ಚು ತಗೊಳ್ತಾರೆ' ಅನ್ನೋ ವಾದಕ್ಕೆ ಬರೋಣ. ಜಾಣರು ಹೇಳೋ ವಾದ ಇದು, ಅದಕ್ಕೇ ಜಾಸ್ತಿ ಅಪಾಯಕಾರಿ. ನಮ್ಮ ಸೀಮೆಯಲ್ಲಿ ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಹೊಡೆಯೋ ಕ್ರಿಮಿನಾಶಕಕ್ಕೂ ಎಣ್ಣೆ ಅಂತಾನೇ ಹೆಸರು. ಆ ಎಣ್ಣೆ ಮೈಗೆ ಸೇರಿ ಬರುವವರಿಗೆ ಆಸ್ಪತ್ರೆಯಲ್ಲಿ ಅಟ್ರೋಪಿನ್ ಕೊಡ್ತಾರೆ. ಅಟ್ರೋಪಿನ್ ಇಟ್ಟರೆ ರೈತರು ಹೆದರಿಕೆ ಬಿಟ್ಟುಬಿಡ್ತಾರೆ, ಆದ್ದರಿಂದ ಇಡೋದು ಬೇಡ ಅಂತ ಯಾವನಾದ್ರೂ ಹೇಳಿದ್ದು ಕೇಳಿದೀರಾ? ಹಾವು ಕಚ್ಚಿದವನಿಗೆ 'ರಾತ್ರಿ ಹೊತ್ತು ಬರಿಗಾಲಲ್ಲಿ ಗದ್ದೆಗೆ ಯಾಕೆ ಹೋದೆ, ಅನುಭವಿಸು' ಅಂತೀವಾ? ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿತು, ದೇಶದಲ್ಲೇ ಮೊದಲು. ಎಣಿಸಿದರೆ ತಾನೇ ಔಷಧಿ ಎಲ್ಲಿ ಎಷ್ಟು ಬೇಕು ಅಂತ ಗೊತ್ತಾಗೋದು ಅನ್ನೋ ಸರಳ ಬುದ್ಧಿ. ಶಹಬ್ಬಾಸ್ ಅಂತೀನಿ. ಅದೇ ಬುದ್ಧಿ ಈ ವಿಷದ ವಿಷಯಕ್ಕೆ ಬಂದರೆ ಎಲ್ಲಿ ಹೋಗುತ್ತೆ?

ನಿಜ, ಈ ವಾದಕ್ಕೆ ಓದಿದವರ ಬೆಂಬಲವೂ ಇದೆ. 2018ರಲ್ಲಿ ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು ನಲಾಕ್ಸೋನ್ ಸುಲಭವಾಗಿ ಸಿಗೋ ಕಾನೂನು ಬಂದ ರಾಜ್ಯಗಳಲ್ಲಿ ಓಪಿಯಾಯ್ಡ್ ಬಳಕೆ, ಕಳ್ಳತನ ಎಲ್ಲಾ ಹೆಚ್ಚಾಯ್ತು ಅಂತ ಪ್ರಬಂಧ ಬರೆದರು, ದೊಡ್ಡ ಗಲಾಟೆಯೇ ಆಯ್ತು. ಅದನ್ನ ಓದಿದವರು ಬಹಳ ಜನ ಕೇಳಿದ ಪ್ರಶ್ನೆ, ಅದೇ ವರ್ಷಗಳಲ್ಲಿ ಹೆರಾಯಿನ್ ಜಾಗಕ್ಕೆ ಅದಕ್ಕಿಂತ ಎಷ್ಟೋ ಪಾಲು ತೀಕ್ಷ್ಣವಾದ ಫೆಂಟನಿಲ್ ಬಂದು ಕೂತಿತ್ತಲ್ಲ, ಅದರ ಲೆಕ್ಕವನ್ನ ಹೇಗೆ ಬೇರೆ ಮಾಡಿದಿರಿ ಅಂತ. ಇನ್ನೊಂದು ಕಡೆ ಮ್ಯಾಸಚುಸೆಟ್ಸ್ ರಾಜ್ಯದ 19 ಊರುಗಳ ಅಂಕಿ ಅಂಶ ಇಟ್ಕೊಂಡು 2013ರಲ್ಲಿ ಬಂದ ಅಧ್ಯಯನ ಇದೆ. ಜನರಿಗೆ ತರಬೇತಿ ಕೊಟ್ಟು ಮೂಗಿಗೆ ಹಾಕುವ ನಲಾಕ್ಸೋನ್ ಹೆಚ್ಚು ಹಂಚಿದ ಕಡೆ, ಹಂಚದ ಕಡೆಗಿಂತ ಓವರ್ ಡೋಸ್ ಸಾವಿನ ಪ್ರಮಾಣ ಶೇಕಡಾ 46ರಷ್ಟು ಕಮ್ಮಿ ಇತ್ತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳ್ತು, ಓವರ್ ಡೋಸ್ ಕಣ್ಣಾರೆ ನೋಡೋ ಸಾಧ್ಯತೆ ಇರುವ ಯಾರಿಗಾದರೂ, ಅಂದ್ರೆ ಸ್ನೇಹಿತರಿಗೆ, ಮನೆಯವರಿಗೆ, ಇದು ಸಿಗಬೇಕು ಮತ್ತು ಕೊಡೋದನ್ನ ಕಲಿಸಬೇಕು ಅಂತ. ಅಷ್ಟಕ್ಕೂ, ಚಟ ಇರೋನಿಗೆ ನಲಾಕ್ಸೋನ್ ಕೊಟ್ಟರೆ ಆಗೋ ಅನುಭವ ಏನು ಗೊತ್ತಾ? ಒಂದೇ ಕ್ಷಣದಲ್ಲಿ ಅಮಲು ಇಳಿದು ವಾಂತಿ, ಬೆವರು, ನಡುಕ, ಮೈಕೈ ನೋವು, ಸಿಟ್ಟು. 'ಹೇಗೂ ಇದು ಇದೆಯಲ್ಲ, ಇವತ್ತು ಇನ್ನೆರಡು ಜಾಸ್ತಿ ಹಾಕೋಣ' ಅಂತ ಯಾರೂ ಆಸೆ ಪಡುವ ಅನುಭವ ಅಲ್ಲ ಅದು.

ಸತ್ತವನಿಗೆ ಯಾವ ಡಿ-ಅಡಿಕ್ಷನ್ ಸೆಂಟರಿನಲ್ಲೂ ಬೆಡ್ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ನಲ್ಲಿ ಒಳ್ಳೆಯ ವ್ಯಸನ ಚಿಕಿತ್ಸಾ ಕೇಂದ್ರ ಇದೆ, ಚಟದಿಂದ ಹೊರಗೆ ತರೋ ಔಷಧಿಗಳಿವೆ, ವರ್ಷಗಟ್ಟಲೆ ಒದ್ದಾಡಿ ಗೆದ್ದು ಬಂದವರಿದಾರೆ. ಅಲ್ಲಿಯ ತನಕ ಹೋಗೋಕೆ ಮನುಷ್ಯ ಬದುಕಿರಬೇಕಲ್ಲ ಸ್ವಾಮಿ.

ಎರಡನೇ ವಾದ: 'ನಮ್ಮೂರಲ್ಲಿ ಇದೆಲ್ಲಾ ಎಲ್ಲಿದೆ? ಇದು ಪಂಜಾಬಿನ ಕಥೆ, ಮಣಿಪುರದ ಕಥೆ.' 2019ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನವರು ಮಾಡಿದ ದೊಡ್ಡ ಸಮೀಕ್ಷೆ ಹೊರಗೆ ಬಂತು. ದೇಶದಲ್ಲಿ ಓಪಿಯಾಯ್ಡ್ ಬಳಸುವವರು ಸುಮಾರು ಶೇಕಡಾ 2.1, ಅಂದ್ರೆ ಎರಡು ಕೋಟಿಗೂ ಮೇಲೆ. ಅದರಿಂದ ತೊಂದರೆಗೆ ಸಿಕ್ಕಿ ಸಹಾಯ ಬೇಕಾದವರು ಸುಮಾರು 77 ಲಕ್ಷ. ಆ 77 ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇರೋ ರಾಜ್ಯಗಳ ಹೆಸರು ಕೊಟ್ಟಿದಾರೆ: ಉತ್ತರ ಪ್ರದೇಶ, ಪಂಜಾಬ್, ಹರಿಯಾಣ, ದೆಹಲಿ, ಮಹಾರಾಷ್ಟ್ರ, ರಾಜಸ್ಥಾನ, ಗುಜರಾತ್, ಮತ್ತೆ.. ಆಂಧ್ರ ಪ್ರದೇಶ. ಬಳ್ಳಾರಿಯವರಿಗೆ ಆಂಧ್ರ ಎಷ್ಟು ದೂರ ಅಂತ ನಾನು ಹೇಳಬೇಕಾ? ನಮ್ಮ ಅರ್ಧ ನೆಂಟರು ಅಲ್ಲೇ ಇದಾರೆ, ತೆಲುಗು ಸಿನಿಮಾ ಹೈದರಾಬಾದಿನ ಜೊತೆಗೇ ನಮ್ಮಲ್ಲೂ ರಿಲೀಸು. ಗುಳಿಗೆಗಳು ಮಾತ್ರ ಚೆಕ್ ಪೋಸ್ಟಿನಲ್ಲಿ ನಿಂತು ನಾವು ಬರಲ್ಲ ಅಂತ ವಾಪಸ್ ಹೋಗ್ತಾವಾ?

ಅದೂ ಅಲ್ದೆ ಇವತ್ತಿನ ಓಪಿಯಾಯ್ಡ್ ಅಂದ್ರೆ ಪಾಕಿಸ್ತಾನದ ಗಡಿ ದಾಟಿ ಬರೋ ಹೆರಾಯಿನ್ ಮಾತ್ರ ಅಲ್ಲ, ಸ್ಟ್ರಿಪ್ಪಿನಲ್ಲಿ ಬರೋ ಗುಳಿಗೆ. 2018ರಲ್ಲಿ ಟ್ರಮಡಾಲ್ ಅನ್ನ ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ತಂದರು. ಬಳಸುವವರು ಟಪೆಂಟಡಾಲ್ ಕಡೆ ತಿರುಗಿದರು. 2025ರ ಫೆಬ್ರುವರಿಯಲ್ಲಿ ಬಿಬಿಸಿಯವರು ಮುಂಬೈಯ ಒಂದು ಕಂಪನಿ ಟಪೆಂಟಡಾಲ್ ಜೊತೆ ಇನ್ನೊಂದು ಔಷಧಿ ಬೆರೆಸಿದ ಗುಳಿಗೆಗಳನ್ನ ಘಾನಾ, ನೈಜೀರಿಯಾ ಕಡೆ ಕಳಿಸ್ತಾ ಇರೋದನ್ನ ತೋರಿಸಿದ ಮೇಲೆ, ಆ ಮಿಶ್ರಣದ ತಯಾರಿಕೆ ಮತ್ತು ರಫ್ತಿಗೆ ಕೇಂದ್ರ ಸರ್ಕಾರ ತಡೆ ಹಾಕ್ತು. ಸಮುದ್ರ ದಾಟಿ ವಿಷ ಕಳಿಸೋಕೆ ನಮಗೆ ಬರುತ್ತೆ. ಅದರ ಪ್ರತಿವಿಷವನ್ನ ಮೋಕಾ ರಸ್ತೆಯ ತನಕ ತರೋಕೆ ಬರಲ್ಲ.

ಸಾವಿನ ಲೆಕ್ಕ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಇಡೀ ದೇಶದಲ್ಲಿ ಡ್ರಗ್ಸ್ ಓವರ್ ಡೋಸ್ ನಿಂದ ಸತ್ತವರು 681. 77 ಲಕ್ಷ ಜನ ತೊಂದರೆಯಲ್ಲಿರೋ ದೇಶದಲ್ಲಿ ವರ್ಷಕ್ಕೆ 681 ಸಾವು! ಅಮೆರಿಕದಲ್ಲಿ ಅದೇ ವರ್ಷ ಎಲ್ಲಾ ಬಗೆಯ ಓವರ್ ಡೋಸ್ ಸೇರಿ 1,07,000ಕ್ಕೂ ಹೆಚ್ಚು. ಅವರಲ್ಲಿ ಫೆಂಟನಿಲ್ ಇದೆ, ಸರಿ. ಆದರೂ ಈ 681 ಅನ್ನೋ ಅಂಕಿಯನ್ನ ನಾನು ನಂಬಲ್ಲ. ನನ್ನ ಪಿಯುಸಿ ಗೆಳೆಯ ಆ ತರಹದ ಯಾವ ಲೆಕ್ಕದಲ್ಲೂ ಇರಲ್ಲ, ಅವನಿಗೆ 'ಹಾರ್ಟ್ ಅಟ್ಯಾಕ್' ಆಗಿದೆ.

ಮೂರನೆಯದು ಪೊಲೀಸ್ ಭಯ. ಆ ರೂಮಿನಲ್ಲಿದ್ದವರು ಮಧ್ಯರಾತ್ರಿ ಎಚ್ಚರಾಗಿ ನೋಡಿದ್ದರೂ 108ಕ್ಕೆ ಫೋನ್ ಮಾಡ್ತಿದ್ದರಾ ಅನ್ನೋದು ನನಗೆ ಅನುಮಾನ. 1985ರ ಎನ್ ಡಿ ಪಿ ಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಬಳಸಿದ್ದಕ್ಕೇ, ವಸ್ತು ಯಾವುದು ಅನ್ನೋದರ ಮೇಲೆ, ಆರು ತಿಂಗಳವರೆಗೆ ಇಲ್ಲವೇ ಒಂದು ವರ್ಷದವರೆಗೆ ಜೈಲು ಆಗಬಹುದು. ಅದೇ ಕಾಯ್ದೆಯಲ್ಲಿ 64ಎ ಅಂತ ಒಂದಿದೆ, ಚಟ ಇರೋನು ತಾನಾಗಿಯೇ ಚಿಕಿತ್ಸೆಗೆ ಹೋದರೆ ರಕ್ಷಣೆ. ಒಳ್ಳೇದೇ. ಆದರೆ ಸ್ನೇಹಿತ ಉಸಿರು ಬಿಡ್ತಾ ಇದಾನೆ ಅಂತ ಫೋನ್ ಮಾಡಿದವನಿಗೆ ಅದರಲ್ಲಿ ರಕ್ಷಣೆ ಎಲ್ಲಿದೆ? ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯ 2007ರಲ್ಲೇ ಇದಕ್ಕಾಗಿ ಕಾನೂನು ಮಾಡ್ತು, ಓವರ್ ಡೋಸ್ ಅಂತ ಸಹಾಯಕ್ಕೆ ಕರೆದವನ ಮೇಲೆ ಡ್ರಗ್ಸ್ ಇಟ್ಕೊಂಡಿದ್ದ ಕೇಸ್ ಹಾಕೋ ಹಾಗಿಲ್ಲ ಅಂತ. ನಮ್ಮಲ್ಲಿ ಆಗದ ಮಾತು ಅಂತೀರಾ? ರಸ್ತೆ ಅಪಘಾತದಲ್ಲಿ ಬಿದ್ದವರನ್ನ ಎತ್ತಿ ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸ್, ಕೋರ್ಟು ಅಂತ ಕಾಟ ಕೊಡಬಾರದು ಅಂತ ಕಾಯ್ದೆ ಮಾಡಿದ ರಾಜ್ಯ ಇದೇ ಕರ್ನಾಟಕ. 2016ರ ಗುಡ್ ಸಮಾರಿಟನ್ ಕಾಯ್ದೆ, ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದು 2018ರಲ್ಲಿ. ರಸ್ತೆ ಮೇಲೆ ಬಿದ್ದವನಿಗೆ ತೋರಿಸಿದ ಕರುಣೆಯನ್ನ ರೂಮಿನಲ್ಲಿ ಬಿದ್ದವನಿಗೂ ಚಾಚಿ ಅಂತ ಕೇಳ್ತಾ ಇದೀನಿ, ಅಷ್ಟೇ. ಎನ್ ಡಿ ಪಿ ಎಸ್ ಕೇಂದ್ರದ ಕಾಯ್ದೆ, ರಾಜ್ಯ ಒಂದೇ ಮಾಡೋಕಾಗಲ್ಲ ಅನ್ನೋದು ನನಗೂ ಗೊತ್ತು. ಆದರೆ ಓವರ್ ಡೋಸ್ ಕರೆ ಬಂದ ಕಡೆ ಮೊದಲು ಆಂಬ್ಯುಲೆನ್ಸ್, ಆಮೇಲೆ ವಿಚಾರಣೆ ಅಂತ ಪೊಲೀಸರಿಗೆ ಒಂದು ಸುತ್ತೋಲೆ ಹೊರಡಿಸೋಕೆ ಯಾವ ದೆಹಲಿಯ ಅಪ್ಪಣೆ ಬೇಕು?

ಇಷ್ಟು ಹೇಳಿದ ಮೇಲೆ, ನಲಾಕ್ಸೋನ್ ಸಂಜೀವಿನಿ ಅಂತ ಯಾರೂ ತಿಳ್ಕೊಬೇಡಿ. ಗಾಂಜಾಗೆ, ಎಂಡಿಎಂಎಗೆ ಇದು ಕೆಲಸ ಮಾಡಲ್ಲ. ಸಾರಾಯಿಗೆ ಮಾಡಲ್ಲ. ನಮ್ಮ ಪಕ್ಕದ ರಾಯಚೂರು ಕಡೆ ಸಿ.ಎಚ್. ಪೌಡರ್ ಬೆರೆಸಿದ ಕಲಬೆರಕೆ ಸೇಂದಿಯ ಸುದ್ದಿ ಆಗಾಗ ಓದ್ತೀವಲ್ಲ, ಅದಕ್ಕೂ ಮಾಡಲ್ಲ, ಆ ಸೀಟುಗಳೇ ಬೇರೆ. ಸ್ಕಾಟ್ಲೆಂಡ್ 2011ರಲ್ಲೇ ಸರ್ಕಾರದ ವತಿಯಿಂದ ದೇಶದ ತುಂಬಾ ನಲಾಕ್ಸೋನ್ ಹಂಚೋ ಯೋಜನೆ ಮಾಡ್ತು. ಆದರೂ 2020ರಲ್ಲಿ ಅಲ್ಲಿ ಡ್ರಗ್ಸ್ ಸಾವು 1,300 ದಾಟ್ತು. ಒಂಟಿಯಾಗಿ ರೂಮಿನ ಬಾಗಿಲು ಹಾಕ್ಕೊಂಡು ತಗೊಳ್ಳೋನಿಗೆ ಕೊಡೋರು ಯಾರು? ಬೇರೆ ಬೇರೆ ಗುಳಿಗೆ ಬೆರೆಸಿದ್ದರೆ? ಚಿಕಿತ್ಸೆ ಬೇಕು, ಕೆಲಸ ಬೇಕು, ನೂರೆಂಟು ಬೇಕು. ಅದನ್ನೆಲ್ಲ ಮಾಡೋಕೆ ಹತ್ತು ವರ್ಷ ಬೇಕಾಗಬಹುದು. ಔಷಧಿಯನ್ನ ಬೀರುವಿನಿಂದ ಹೊರಗೆ ತರೋಕೆ ಒಂದು ಆದೇಶ ಸಾಕು.

ಆದೇಶ ಅಂದ್ರೆ ಏನು ಅಂತ ಕೇಳ್ತೀರಾ. ಮಾರ್ಫಿನ್ನೋ ಫೆಂಟನಿಲ್ ಪ್ಯಾಚೋ ಬರೆದುಕೊಡೋ ಡಾಕ್ಟರು ಅದೇ ಚೀಟಿಯಲ್ಲಿ ಎರಡು ಆಂಪ್ಯೂಲ್ ನಲಾಕ್ಸೋನ್ ಬರೆದು, ಮನೆಯ ಒಬ್ಬರಿಗೆ ತೊಡೆಗೆ ಚುಚ್ಚೋದು ಹೇಳಿಕೊಡಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚೋದನ್ನ ನಮ್ಮ ಅಜ್ಜಿ ಎಪ್ಪತ್ತನೇ ವಯಸ್ಸಿಗೆ ಕಲಿತಳು, ಇದೇನು ಬ್ರಹ್ಮವಿದ್ಯೆಯಲ್ಲ. ಮೂಗಿನ ಸ್ಪ್ರೇ ಅನ್ನ ಇಲ್ಲಿಯ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೈಗೆಟುಕೋ ಬೆಲೆಗೆ ಮಾರೋ ಹಾಗೆ ಮಾಡಲಿ. ತಾಲ್ಲೂಕು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, 108, ಎಲ್ಲೆಲ್ಲಿ ನಲಾಕ್ಸೋನ್ ಇದೆಯೋ ಅಲ್ಲೆಲ್ಲಾ ಬಾಗಿಲ ಮೇಲೆ ಕನ್ನಡದಲ್ಲಿ ಬರೆದು ಹಾಕಲಿ, ರೇಬೀಸ್ ಲಸಿಕೆಗೆ ಬರೆದ ಹಾಗೆ. ಹಾಸ್ಟೆಲ್ ವಾರ್ಡನ್ ಗಳಿಗೆ, ಬೀಟ್ ಪೊಲೀಸರಿಗೆ ಒಂದು ದಿನದ ತರಬೇತಿ ಕೊಡಲಿ. ನಲಾಕ್ಸೋನ್ ಎನ್ ಡಿ ಪಿ ಎಸ್ ಕೆಳಗೆ ಬರೋ ಮಾದಕ ವಸ್ತುವೂ ಅಲ್ಲ, ಇಟ್ಕೊಂಡವನ ಮೇಲೆ ಯಾವ ಕೇಸೂ ಆಗಲ್ಲ. ಆದರೂ ಕೇಳಿದ ತಕ್ಷಣ ಅಂಗಡಿಯವರು ದನಿ ಇಳಿಸ್ತಾರೆ. ಆ ಇಳಿಸಿದ ದನಿ ಮೊದಲು ಏರಬೇಕು.

ಅದೆಲ್ಲಾ ಆಗೋ ತನಕ ಇವತ್ತು ರಾತ್ರಿಗೆ ಬೇಕಾದ್ದು ಇಷ್ಟು. ಮಲಗಿದವನು ವಿಚಿತ್ರವಾಗಿ ಗೊರಕೆ ಹೊಡೀತಾ ಇದ್ದರೆ, ಉಸಿರಿಗೂ ಉಸಿರಿಗೂ ನಡುವೆ ತುಂಬಾ ಹೊತ್ತು ಹಿಡೀತಾ ಇದ್ದರೆ, ತುಟಿ ಉಗುರು ನೀಲಿಯಾಗಿದ್ದರೆ, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣಗಾಗಿದ್ದರೆ, ಜೋರಾಗಿ ಹೆಸರು ಕೂಗಿ ಅಲುಗಾಡಿಸಿ, ಎದೆಯ ನಡುವಿನ ಮೂಳೆಯನ್ನ ಮುಷ್ಟಿಯ ಗೆಣ್ಣಿನಿಂದ ಉಜ್ಜಿ ನೋಡಿ. ಏಳದಿದ್ದರೆ ತಕ್ಷಣ 108. ಉಸಿರಾಡ್ತಾ ಇಲ್ಲದಿದ್ದರೆ ತಲೆಯನ್ನ ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ ಹಿಡಿದು, ಬಾಯಿಗೆ ಬಾಯಿಟ್ಟು ಐದು ಸೆಕೆಂಡಿಗೊಂದು ಉಸಿರು ಊದಿ, ಆಂಬ್ಯುಲೆನ್ಸ್ ಬರೋ ತನಕ ನಿಲ್ಲಿಸಬೇಡಿ. ನಾಡಿಯೂ ಸಿಗದಿದ್ದರೆ ಎದೆ ಒತ್ತೋಕೆ ಶುರು ಮಾಡಿ, ಹೇಗೆ ಅಂತ 108ರವರನ್ನೇ ಫೋನಿನಲ್ಲಿ ಕೇಳಿ. ಉಸಿರಾಡ್ತಾ ಇದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಸಿಗದ ಹಾಗೆ. ತಣ್ಣೀರು ಎರಚೋದು, ಮಜ್ಜಿಗೆ ಕುಡಿಸೋದು, ನಿಂಬೆಹಣ್ಣು ಹಿಂಡೋದು ಬೇಡ. ನಲಾಕ್ಸೋನ್ ಕೊಟ್ಟು ಎದ್ದು ಕೂತು 'ನನಗೇನೂ ಆಗಿಲ್ಲ, ಮನೆಗೆ ಹೋಗ್ತೀನಿ' ಅಂದರೂ ಒಬ್ಬನೇ ಬಿಡಬೇಡಿ, ಒಂದು ಗಂಟೆಯ ಮೇಲೆ ಮತ್ತೆ ಮುಳುಗಬಹುದು. ಆಸ್ಪತ್ರೆಯಲ್ಲಿ ಏನು ತಗೊಂಡಿದ್ದ, ಎಷ್ಟು ಹೊತ್ತಿಗೆ ತಗೊಂಡ ಅಂತ ಮುಚ್ಚಿಡದೆ ಹೇಳಿ. ಗುಳಿಗೆಯ ಖಾಲಿ ಸ್ಟ್ರಿಪ್ಪು ರೂಮಿನಲ್ಲಿ ಸಿಕ್ಕರೆ ಕಿಟಕಿಯಿಂದ ಆಚೆ ಎಸೆಯಬೇಡಿ, ಜೇಬಿನಲ್ಲಿ ಹಾಕ್ಕೊಂಡು ಹೋಗಿ ಡಾಕ್ಟರ ಕೈಗೆ ಕೊಡಿ.